ಶನಿವಾರಕ್ಕೆ ಕಾಯದ ಶನಿ

ನಮ್ಮಲ್ಲಿ ಮದುವೆಗೆ ದಿನ ಗೊತ್ತುಮಾಡುವಾಗ ಪಂಚಾಂಗವನ್ನು ನೋಡುವುದು ಎಷ್ಟು ನಿಜವೋ ಅಡಿಗೆಯವರನ್ನು ವಿಚಾರಿಸುವುದೂ ಅಷ್ಟೇ ನಿಜ. ಜೋಯಿಸರು ಎಂಥ ಶುಭಲಗ್ನವನ್ನು ಇಟ್ಟುಕೊಟ್ಟರೂ, ಆ ದಿನ ಅಡಿಗೆಯವರು ಸಿಕ್ಕದೆ, ಛತ್ರ ದೊರೆಯದೆ, ಎದುರುಬೀದಿಯ ಸಾಹುಕಾರರ ಮನೆಯಲ್ಲಿಯೂ ಅಂದೇ ಮದುವೆಯಾಗಿ ನೆಂಟರಿಷ್ಟರೆಲ್ಲ ಅತ್ತ ಹೊರಟುಬಿಟ್ಟರೆ, ಆ ಲಗ್ನದಿಂದ ಬಂದ ಭಾಗ್ಯವೇನು? ವ್ಯಾಪಾರದಲ್ಲಿಯೂ ಹೀಗೆಯೇ. ಹೊಸ ಸರಕನ್ನು ಪೇಟೆಗೆ ಇಳಿಸುವವನು ಸರಕಿನ ಗುಣವನ್ನು ಮಾತ್ರ ನೋಡಿಕೊಂಡರೆ ಸಾಲದು. ಯಾವ ದಿನ ಇಳಿಸಬೇಕು, ಎದುರಾಳಿ ಯಾವ ದಿನ ಇಳಿಸುತ್ತಾನೆ, ಅವನಿಗಿಂತ ಮುಂದಾಗುವುದು ಲಾಭವೋ ಹಿಂದಾಗುವುದು ಲಾಭವೋ ಎಂಬುದನ್ನೆಲ್ಲ ಗುಣಿಸಿ ನೋಡಬೇಕು. ಈ ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದಕ್ಕೆ ನಾನು ಬಲ್ಲ ದೊಡ್ಡ ದೃಷ್ಟಾಂತ ಉಕ್ಕಿನ ಕಾರ್ಖಾನೆಯದಲ್ಲ, ಮೋಟಾರು ಗಾಡಿಯದಲ್ಲ. ಮಕ್ಕಳ ಆಟದ ಪೆಟ್ಟಿಗೆಯದು.

ಆಟದ ಪೆಟ್ಟಿಗೆ ಎಂದೆನಲ್ಲ, ವಿಡಿಯೊ ಗೇಮ್ ಕನ್ಸೋಲ್ ಎಂಬುದು ಅದರ ಹೆಸರು. ಅದನ್ನು ಮನೆಯ ಟೆಲಿವಿಷನ್ನಿಗೆ ತಗುಲಿಸಿ, ಗುಂಡಿಗಳಿರುವ ಹಿಡಿಯೊಂದನ್ನು ಕೈಯಲ್ಲಿ ಹಿಡಿದು, ಪರದೆಯ ಮೇಲೆ ಓಡುವ, ಹಾರುವ, ಗುದ್ದಾಡುವ ಬೊಂಬೆಗಳನ್ನು ಕುಣಿಸುವುದು. ನಿಮ್ಮ ಮನೆಯಲ್ಲಿ ಹದಿನಾಲ್ಕು ವರ್ಷದ ಹುಡುಗನಿದ್ದರೆ ನಾನು ಹೆಚ್ಚು ವಿವರಿಸಬೇಕಾದ್ದಿಲ್ಲ. ಅವನೇ ಎಲ್ಲವನ್ನೂ ವಿವರಿಸುತ್ತಾನೆ, ಬೆಲೆಯೊಂದನ್ನು ಬಿಟ್ಟು.

ಈ ವ್ಯಾಪಾರದ ಗುಟ್ಟು ಸ್ವಲ್ಪ ವಿಚಿತ್ರವಾದದ್ದು. ಪೆಟ್ಟಿಗೆಯಲ್ಲಿ ಲಾಭ ಕಡಿಮೆ. ಎಷ್ಟೋ ವೇಳೆ ತಯಾರಿಸಿದ ಖರ್ಚಿಗಿಂತಲೂ ಕಡಿಮೆ ಬೆಲೆಗೆ ಮಾರುತ್ತಾರೆ. ಲಾಭ ಬರುವುದು ಅದರಲ್ಲಿ ಹಾಕಿ ಆಡುವ ಆಟಗಳಿಂದ. ಆಟಗಳಲ್ಲಿ ಬಹುಪಾಲನ್ನು ಬರೆಯುವವರು ಬೇರೆ ಕಂಪೆನಿಗಳವರು. ಅವರು ಮಾರುವ ಪ್ರತಿಯೊಂದು ಆಟದ ಮೇಲೂ ಪೆಟ್ಟಿಗೆಯ ಒಡೆಯನಿಗೆ ಇಷ್ಟು ಎಂದು ಸಲ್ಲುತ್ತದೆ. ಆದರೆ ಮನೆಮನೆಯಲ್ಲಿ ಪೆಟ್ಟಿಗೆಯಿಲ್ಲದೆ ಯಾರೂ ಅದಕ್ಕೆ ಆಟ ಬರೆಯುವುದಿಲ್ಲ. ಒಳ್ಳೆಯ ಆಟಗಳಿಲ್ಲದೆ ಯಾರೂ ಪೆಟ್ಟಿಗೆಯನ್ನು ಮನೆಗೆ ತರುವುದಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯ ಸ್ಥಿತಿ. ಈ ಬಿಕ್ಕಟ್ಟನ್ನು ಮೊದಲು ಬಿಡಿಸಿಕೊಂಡವನಿಗೆ ಮುಂದಿನ ಐದಾರು ವರ್ಷ ಸುಗ್ಗಿ. ಆದಕಾರಣವೇ ಮೊದಲಿಗನಾಗಬೇಕೆಂಬ ಆತುರ.

ಈ ಆತುರಕ್ಕೆ ಸೆಗಾ ಎಂಬ ಜಪಾನೀ ಕಂಪೆನಿ ಬಲಿಯಾದ ಕತೆಯನ್ನು ನಿಮಗೆ ಹೇಳುತ್ತೇನೆ.

ಸೆಗಾ ಹಾಗೆ ಆತುರಪಡಲು ಕಾರಣವಿತ್ತು. ಅದರ ಹಿಂದಿನ ಪೆಟ್ಟಿಗೆ ಜೆನೆಸಿಸ್ ಅಮೆರಿಕದ ಪೇಟೆಗೆ ಬಂದದ್ದು 1989ರಲ್ಲಿ. ಆಗ ಆ ಪೇಟೆಗೆಲ್ಲ ನಿಂಟೆಂಡೊ ಕಂಪೆನಿಯೇ ದೊರೆ. ನಿಂಟೆಂಡೊ ತನ್ನ ಹೊಸ ಯಂತ್ರವನ್ನು ಅಲ್ಲಿಗೆ ತಂದದ್ದು 1991ರಲ್ಲಿ. ನಡುವೆ ಸಿಕ್ಕ ಎರಡು ವರ್ಷದಲ್ಲಿ ಸೆಗಾ ಚೆನ್ನಾಗಿ ಬೇರುಬಿಟ್ಟಿತು. ಸೋನಿಕ್ ಎಂಬ ನೀಲಿ ಮುಳ್ಳುಹಂದಿಯ ಆಟವೂ ಕೈಹಿಡಿಯಿತು. ಕೆಲವು ಕಾಲ ದೊರೆಯನ್ನೇ ಹಿಂದಕ್ಕೆ ಹಾಕಿತು. ಮೊದಲು ಹೋದವನು ಗೆದ್ದ, ಆದ್ದರಿಂದ ಗೆಲ್ಲಬೇಕಾದರೆ ಮೊದಲು ಹೋಗಬೇಕು ಎಂಬ ಪಾಠವನ್ನು ಸೆಗಾದ ಹಿರಿಯರು ಕಲಿತರೆಂದು ತೋರುತ್ತದೆ. ಮುಳ್ಳುಹಂದಿಗೆ ಸಲ್ಲಬೇಕಾದ ಪುಣ್ಯವನ್ನು ಪಂಚಾಂಗಕ್ಕೆ ಕೊಟ್ಟರು.

ಮುಂದಿನ ಯಂತ್ರಕ್ಕೆ ಸ್ಯಾಟರ್ನ್ ಎಂದು ನಾಮಕರಣವಾಯಿತು. ಸ್ಯಾಟರ್ನ್ ಎಂದರೆ ಶನಿ. ನಮ್ಮ ಊರಿನ ವರ್ತಕನೊಬ್ಬ ತಾನು ಮಾರುವ ಸರಕಿಗೆ ಈ ಹೆಸರನ್ನು ಇಟ್ಟಾನೆಯೆ? ಇಟ್ಟರೂ ಅವನ ಹೆಂಡತಿ ಒಪ್ಪಿಯಾಳೆ? ಅದಂತಿರಲಿ. ಜಪಾನಿನಲ್ಲಿ ಈ ಶನಿ ಅವತರಿಸಿದ್ದು 1994ನೆಯ ಇಸವಿ ನವೆಂಬರ್ 22ರಂದು, 44,800 ಯೆನ್ ಬೆಲೆಗೆ. ಹನ್ನೊಂದು ದಿನ ಕಳೆದು, ಡಿಸೆಂಬರ್ 3ರಂದು, ಈ ವ್ಯಾಪಾರಕ್ಕೆ ಹೊಸಬರಾದ ಸೋನಿಯವರು ಪ್ಲೇಸ್ಟೇಷನ್ ಎಂಬ ಪೆಟ್ಟಿಗೆಯನ್ನು 39,800 ಯೆನ್‌ಗೆ ಬಿಟ್ಟರು. ಜಪಾನಿನಲ್ಲಿ ಮೊದಮೊದಲು ಇಬ್ಬರಿಗೂ ಒಳ್ಳೆಯ ವ್ಯಾಪಾರವೇ ಆಯಿತು. ಜಗಳ ತೀರ್ಮಾನವಾಗಬೇಕಾದ ಕಣ ಅಮೆರಿಕ.

ಅಮೆರಿಕದಲ್ಲಿ ಸೆಗಾ ಗೊತ್ತುಮಾಡಿದ್ದ ದಿನ 1995ರ ಸೆಪ್ಟೆಂಬರ್ 2. ಅಂದು ಶನಿವಾರ. ಶನಿಗೆ ಶನಿವಾರ! ಇಂಗ್ಲಿಷಿನಲ್ಲಿಯೂ ಈ ಎರಡು ಹೆಸರಿಗೆ ನಂಟಿರುವುದರಿಂದ ಜಾಹೀರಾತಿನವರಿಗೂ ಅದು ರುಚಿಸಿತು. ಸೋನಿಯ ಪೆಟ್ಟಿಗೆ ಬರಬೇಕಾದ್ದು ಸೆಪ್ಟೆಂಬರ್ 9ಕ್ಕೆ. ಅಂದರೆ ಒಂದು ವಾರ ಮುಂದೆ ಹೇಗೂ ಇದ್ದರು. ಅಷ್ಟರಲ್ಲಿ ಸುಮ್ಮನಿದ್ದಿದ್ದರೆ ಈ ಕತೆ ಬೇರೆಯಾಗುತ್ತಿತ್ತೋ ಏನೋ.

ಆ ವರ್ಷ ಮೇ 11ರಂದು ಲಾಸ್ ಏಂಜಲಿಸ್ ನಗರದಲ್ಲಿ ಈ ವ್ಯಾಪಾರದವರದೇ ಒಂದು ದೊಡ್ಡ ವಸ್ತುಪ್ರದರ್ಶನ ಮೊಟ್ಟಮೊದಲ ಬಾರಿ ನೆರೆಯಿತು. ಸೆಗಾದ ಅಮೆರಿಕದ ಶಾಖೆಗೆ ಅಧ್ಯಕ್ಷರಾಗಿದ್ದ ಟಾಮ್ ಕಾಲಿನ್ಸ್ಕೆಯವರು ವೇದಿಕೆಯನ್ನೇರಿ, ತಮ್ಮ ಯಂತ್ರದ ಗುಣಗಾನ ಮಾಡಿ, ಬೆಲೆ 399 ಡಾಲರ್ ಎಂದು ಸಾರಿ, ಕಡೆಯಲ್ಲಿ ಇನ್ನೊಂದು ಸುದ್ದಿಯನ್ನು ಹೊರಗೆಡವಿದರು: ಸೆಪ್ಟೆಂಬರ್‌ವರೆಗೆ ಕಾಯಬೇಕಾದ್ದಿಲ್ಲ, ಪೆಟ್ಟಿಗೆಗಳು ಆಗಲೇ ಅಂಗಡಿಗೆ ಹೋಗಿಯಾಗಿದೆ! ಅಂದು ಗುರುವಾರ. ಶನಿ ಶನಿವಾರಕ್ಕೂ ಕಾಯಲಿಲ್ಲ, ಸೆಪ್ಟೆಂಬರಿಗೂ ಕಾಯಲಿಲ್ಲ. ಸುಮಾರು ನಾಲ್ಕು ತಿಂಗಳು ಮೊದಲೇ ಬಂದು ಬಾಗಿಲು ತಟ್ಟಿದ.

ಇದರಲ್ಲಿ ಒಂದು ಮಾತನ್ನು ಕಾಲಿನ್ಸ್ಕೆಯವರ ಪರವಾಗಿ ಹೇಳಬೇಕು. ಇದು ಅವರಿಗೆ ಇಷ್ಟವಿದ್ದ ಕೆಲಸವಲ್ಲ. ಜಪಾನಿನ ಮೂಲಸಂಸ್ಥೆಯ ಅಧ್ಯಕ್ಷರಾಗಿದ್ದ ಹಯಾವೊ ನಕಾಯಾಮ ಅವರ ಅಪ್ಪಣೆಯಂತೆ ನಡೆದದ್ದೆಂದೂ ತಾವು ಬೇಡವೆಂದಿದ್ದೆವೆಂದೂ ಅವರೇ ಆಮೇಲೆ ಹೇಳಿದ್ದಾರೆ. ಬೇಡವೆಂದು ಹೇಳಿ, ಆಮೇಲೆ ತಾನೇ ವೇದಿಕೆಯೇರಿ ನಗುನಗುತ್ತ ಅದನ್ನೇ ಸಾರಬೇಕಾಗಿ ಬರುವ ಕಷ್ಟ ನೌಕರಿಯಲ್ಲಿರುವ ನಿಮಗೆ ನಾನು ಬಿಡಿಸಿ ಹೇಳಬೇಕೆ?

ಅದೇ ದಿನ ಸೋನಿಯವರ ಸರದಿಯೂ ಇತ್ತು. ಅವರ ಪರವಾಗಿ ಮಾತನಾಡುತ್ತಿದ್ದವರು ಓಲಾಫ್ ಓಲಾಫ್ಸನ್. ಇವರು ಐಸ್‌ಲೆಂಡಿನವರು, ಕಾದಂಬರಿಗಳನ್ನು ಬರೆದವರು. ಕತೆಯನ್ನು ಎಲ್ಲಿ ನಿಲ್ಲಿಸಬೇಕೆಂದು ಬಲ್ಲವರು. ಅವರು ತಮ್ಮ ಸಹೋದ್ಯೋಗಿ ಸ್ಟೀವ್ ರೇಸ್ ಅವರನ್ನು ವೇದಿಕೆಗೆ ಕರೆದರು. ರೇಸ್ ಅವರು ಬಂದು ನಿಂತು ಹೇಳಿದ್ದು ಒಂದೇ ಒಂದು ಸಂಖ್ಯೆ: 299. ಅಷ್ಟು ಹೇಳಿ ಇಳಿದುಹೋದರು. ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಎದುರಾಳಿಗಿಂತ ನೂರು ಡಾಲರ್ ಕಡಿಮೆ! ಸೆಗಾದವರು ಕೊಂಡುಕೊಂಡ ನಾಲ್ಕು ತಿಂಗಳ ಮುಂಗಡವನ್ನು ಆ ಒಂದು ಸಂಖ್ಯೆ ನುಂಗಿಹಾಕಿತು. ಏಕೆಂದರೆ ಅಂದು ಮೇ ತಿಂಗಳಲ್ಲಿ ಅಂಗಡಿಯ ಮುಂದೆ ನಿಂತ ಗಿರಾಕಿ ಏನು ಲೆಕ್ಕ ಹಾಕಿಯಾನು? ಇಂದು ಕೊಂಡರೆ 399, ಸೆಪ್ಟೆಂಬರಿಗೆ ಕಾದರೆ 299. ಹೇಗೂ ಬೇಸಿಗೆ ರಜ ಬಂತು, ಹೊರಗೆ ಆಡಿಕೊಂಡಿರಲಿ ಹುಡುಗರು ಎಂದು ಮನೆಗೆ ಹೋಗುತ್ತಾನೆ.

ಮೊದಲು ಬಂದುದರ ಫಲವನ್ನು ಸ್ವಲ್ಪ ನಿಂತು ನೋಡೋಣ. ಅವಸರದಲ್ಲಿ ಅಮೆರಿಕಕ್ಕೆ ಒದಗಿದ್ದು ಮೂವತ್ತು ಸಾವಿರ ಪೆಟ್ಟಿಗೆ ಮಾತ್ರ. ಅಷ್ಟು ದೊಡ್ಡ ದೇಶಕ್ಕೆ ಇದು ಯಾವ ಮೂಲೆಗೆ? ಎಲ್ಲ ಅಂಗಡಿಗೂ ಹಂಚಲು ಸಾಲದಾಗಿ, ನಾಲ್ಕು ಮಳಿಗೆಯವರನ್ನು ಆರಿಸಿಕೊಂಡು ಗುಟ್ಟಾಗಿ ಸರಕು ಕಳುಹಿಸಿದ್ದರು. ಟಾಯ್ಸ್ ಆರ್ ಅಸ್ ಅವುಗಳಲ್ಲಿ ಒಂದು. ವಾಲ್‌ಮಾರ್ಟ್, ಬೆಸ್ಟ್ ಬೈ ಮುಂತಾದ ಭಾರಿ ಅಂಗಡಿಗಳೇ ಪಟ್ಟಿಯಲ್ಲಿರಲಿಲ್ಲ. ಹಿಂದಿನ ಪೆಟ್ಟಿಗೆಯನ್ನು ವರ್ಷಗಟ್ಟಲೆ ಮಾರಿಕೊಟ್ಟವರು ಇವರು. ಹೊಸ ಪೆಟ್ಟಿಗೆ ಎದುರಂಗಡಿಯಲ್ಲಿ ಮಾರಾಟವಾಗುತ್ತಿದೆಯೆಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ತಿಳಿದುಕೊಳ್ಳಬೇಕಾಗಿ ಬಂದರೆ ಯಾವ ವರ್ತಕ ಸಹಿಸುತ್ತಾನೆ? ಕೆ.ಬಿ. ಟಾಯ್ಸ್ ಎಂಬ ಆಟಿಕೆಯ ಮಳಿಗೆಯವರಂತೂ ಸೆಗಾದ ಸರಕನ್ನೇ ಇನ್ನು ಮಾರೆವೆಂದು ಬಿಟ್ಟುಬಿಟ್ಟರು. ಒಂದು ಮದುವೆಗೆ ಕರೆಯದೆ ಬಿಟ್ಟ ನೆಂಟ ಮುಂದೆ ನಾಮಕರಣಕ್ಕೂ ಬರುವುದಿಲ್ಲ.

ಇನ್ನು ಅಡಿಗೆಯವರ ಮಾತು. ಇತರ ಕಂಪೆನಿಯ ಆಟ ಬರೆಯುವವರೆಲ್ಲ ಸೆಪ್ಟೆಂಬರ್ 2 ಎಂಬ ದಿನವನ್ನು ಗೋಡೆಗೆ ಬರೆದುಕೊಂಡು ಹಗಲಿರುಳು ದುಡಿಯುತ್ತಿದ್ದರು. ಮೇ ತಿಂಗಳಲ್ಲಿ ಅವರ ಆಟ ಅರ್ಧ ಬೆಂದಿತ್ತು. ಹಾಗಾಗಿ ಶನಿ ಬಂದಾಗ ಅದರೊಡನೆ ಬಂದದ್ದು ಆರು ಆಟ, ಆರೂ ಸೆಗಾದ ಮನೆಯವೇ. ಎಲೆ ಹಾಕಿದರು, ನೀರು ತಳಿದರು, ಉಪ್ಪು ಬಡಿಸಿದರು. ಅನ್ನ ಇನ್ನೂ ಒಲೆಯ ಮೇಲೆ. ಬಂದವರು ಎಷ್ಟು ಹೊತ್ತು ಉಪ್ಪು ನೆಕ್ಕಿಕೊಂಡು ಕುಳಿತಾರು?

ಸೆಪ್ಟೆಂಬರ್ 9 ಬಂತು. ಪ್ಲೇಸ್ಟೇಷನ್ ಹೇಳಿದ ದಿನಕ್ಕೆ, ಹೇಳಿದ ಬೆಲೆಗೆ, ಎಲ್ಲ ಅಂಗಡಿಯಲ್ಲಿಯೂ ಬಂತು. ಸೆಗಾ ಅಷ್ಟು ತಿಂಗಳಲ್ಲಿ ಮಾರಿದ್ದಕ್ಕಿಂತ ಹೆಚ್ಚು ಪೆಟ್ಟಿಗೆಗಳನ್ನು ಸೋನಿ ಎರಡೇ ದಿನದಲ್ಲಿ ಮಾರಿತು. ಅಕ್ಟೋಬರಿನಲ್ಲಿ ಸೆಗಾ ತಾನೂ 299ಕ್ಕೆ ಇಳಿಯಿತು. ಇಲ್ಲಿ ನನಗೆ ಸೆಗಾಕ್ಕಿಂತ ಹೆಚ್ಚಾಗಿ ಮರುಕವಾಗುವುದು ಮೇ ತಿಂಗಳಲ್ಲಿ ನಂಬಿ 399 ಕೊಟ್ಟ ಮನೆಯವರ ವಿಷಯದಲ್ಲಿ. ಇವರಲ್ಲಿ ಕೆಲವರು ಹಿಂದಿನ ವರ್ಷ ನವೆಂಬರಿನಲ್ಲಿ ಇದೇ ಕಂಪೆನಿಯ ಮಾತು ಕೇಳಿ, ಹಳೆಯ ಜೆನೆಸಿಸ್ ಪೆಟ್ಟಿಗೆಯ ನೆತ್ತಿಗೆ ಸಿಕ್ಕಿಸುವ 32ಎಕ್ಸ್ ಎಂಬ ಉಪಕರಣಕ್ಕೆ 159 ಡಾಲರ್ ಸುರಿದಿದ್ದರು. ಆರು ತಿಂಗಳಲ್ಲಿ ಅದೂ ಹಳತಾಯಿತು. ಹುಟ್ಟುಹಬ್ಬದ ಕಾಣಿಕೆಯನ್ನು ಕೂಡಿಟ್ಟು ಇವೆರಡನ್ನೂ ಕೊಂಡ ಹುಡುಗನೊಬ್ಬ ಮುಂದೆ ಸೆಗಾ ಎಂಬ ಹೆಸರನ್ನು ಕೇಳಿದಾಗ ಏನು ನೆನೆದುಕೊಂಡಾನು? ಬೆಲೆ ಇಳಿಸಿದರೆ ಗಿರಾಕಿ ಬಂದಾನು. ಹೋದ ನಂಬಿಕೆಗೆ ಯಾವ ರಿಯಾಯಿತಿ ತೋರಿಸಿ ಕರೆಯುವುದು?

ಒಟ್ಟು ಲೆಕ್ಕ ಮುಗಿದಾಗ ಜಗತ್ತಿನಲ್ಲೆಲ್ಲ ಸ್ಯಾಟರ್ನ್ ಮಾರಾಟವಾದದ್ದು ತೊಂಬತ್ತು ಲಕ್ಷದ ಮೇಲೆ ಸ್ವಲ್ಪ. ಪ್ಲೇಸ್ಟೇಷನ್ ಹತ್ತು ಕೋಟಿಯನ್ನು ದಾಟಿತು.

ಕತೆ ಇಲ್ಲಿಗೆ ಮುಗಿದಿದ್ದರೆ ತಪ್ಪು ಮಾಡಿದವನಿಗೆ ಶಿಕ್ಷೆಯಾಯಿತೆಂದು ಸುಮ್ಮನಾಗಬಹುದಿತ್ತು. ಆದರೆ ಸೆಗಾ ಪಾಠ ಕಲಿತು, ಮರಳಿ ಯತ್ನವ ಮಾಡಿತು. ಈ ಎರಡನೆಯ ಯತ್ನವೇ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು.

ಹೊಸ ಪೆಟ್ಟಿಗೆ ಡ್ರೀಮ್‌ಕಾಸ್ಟ್. ಈ ಬಾರಿಯೂ ಎದುರಾಳಿಗಿಂತ ಮುಂಚೆಯೇ ಹೊರಟರು. ಜಪಾನಿನಲ್ಲಿ 1998ರ ನವೆಂಬರ್ 27. ಅಲ್ಲಿ ಚಿತ್ರ ಮೂಡಿಸುವ ಚಿಪ್ಪು ಬೇಕಾದಷ್ಟು ಒದಗದೆ ಪೆಟ್ಟಿಗೆಗಳು ಸಾಲದಾದುವು. ಆದರೆ ಅಮೆರಿಕದಲ್ಲಿ ಆತುರಪಡಲಿಲ್ಲ. ಮರೆಯಲಾಗದಂಥ ದಿನವೊಂದನ್ನು ಆರಿಸಿ ಮೊದಲೇ ಊರಿಗೆಲ್ಲ ಸಾರಿದರು: 1999ನೆಯ ಇಸವಿ, ಒಂಬತ್ತನೆಯ ತಿಂಗಳು, ಒಂಬತ್ತನೆಯ ತಾರೀಖು. ಎಲ್ಲ ಅಂಗಡಿಗೂ ಸರಕು ಹೋಯಿತು. ಬೆಲೆ 199 ಡಾಲರ್. ಹದಿನೈದಕ್ಕೂ ಹೆಚ್ಚು ಆಟಗಳು ಮೊದಲ ದಿನವೇ ಸಿದ್ಧವಾಗಿದ್ದುವು. ಇಪ್ಪತ್ತನಾಲ್ಕು ಗಂಟೆಯಲ್ಲಿ ಎರಡು ಲಕ್ಷ ಇಪ್ಪತ್ತೈದು ಸಾವಿರ ಪೆಟ್ಟಿಗೆ ಮಾರಾಟವಾಯಿತು. ಮೇ ತಿಂಗಳಲ್ಲಿ ಮಾಡಿದ ತಪ್ಪುಗಳಲ್ಲಿ ಒಂದನ್ನೂ ಸೆಪ್ಟೆಂಬರಿನಲ್ಲಿ ಮಾಡಲಿಲ್ಲ. ಆದರೂ ಸೋತರು!

ಹೇಗೆ ಎನ್ನುವಿರಾ? ಸೋನಿಯವರು ಆರು ತಿಂಗಳು ಮುಂಚೆ, 1999ರ ಮಾರ್ಚಿಯಲ್ಲಿಯೇ, ತಮ್ಮ ಎರಡನೆಯ ಪ್ಲೇಸ್ಟೇಷನ್ ಬರಲಿದೆ ಎಂದು ಟೋಕಿಯೊದಲ್ಲಿ ಸಾರಿಬಿಟ್ಟಿದ್ದರು. ಪೆಟ್ಟಿಗೆ ಬರಲಿಲ್ಲ, ಸುದ್ದಿ ಬಂತು. ಸುದ್ದಿಗೆ ಚಿಪ್ಪು ಬೇಡ, ಹಡಗು ಬೇಡ, ಅಂಗಡಿಯೂ ಬೇಡ. ಹಳೆಯ ಪ್ಲೇಸ್ಟೇಷನ್ನಿನ ಆಟಗಳೆಲ್ಲ ಹೊಸದರಲ್ಲಿಯೂ ನಡೆಯುತ್ತವೆ, ಡಿ.ವಿ.ಡಿ. ಸಿನಿಮಾಗಳನ್ನೂ ಅದರಲ್ಲಿಯೇ ನೋಡಬಹುದು ಎಂದು ತಿಳಿದ ಮೇಲೆ, ತಂದೆಯೂ ಮಗನೂ ಒಂದೇ ಪಕ್ಷವಾದರು. ಆಟದ ಪೆಟ್ಟಿಗೆಯೆಂದರೆ ಮೂಗು ಮುರಿಯುತ್ತಿದ್ದ ತಂದೆ, ಸಿನಿಮಾ ನೋಡುವ ಯಂತ್ರವೆಂದರೆ ಕಿವಿ ನಿಮಿರಿಸುತ್ತಾನೆ. ಇನ್ನೊಂದೆಡೆ, ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ಬಲು ದೊಡ್ಡ ಆಟದ ಕಂಪೆನಿ ಡ್ರೀಮ್‌ಕಾಸ್ಟಿಗೆ ಒಂದು ಆಟವನ್ನೂ ಬರೆಯಲಿಲ್ಲ. ಅಮೆರಿಕದ ಹುಡುಗರು ಪ್ರಾಣಬಿಡುವ ಫುಟ್‌ಬಾಲ್ ಮೊದಲಾದ ಕ್ರೀಡೆಗಳ ಹೆಸರಾಂತ ಆಟಗಳು ಅವರ ಕೈಯಲ್ಲಿದ್ದುವು.

ಸೋನಿಯ ಹೊಸ ಪೆಟ್ಟಿಗೆ ಜಪಾನಿನಲ್ಲಿ ಇಳಿದದ್ದು 2000ದ ಮಾರ್ಚಿ 4ರಂದು, ಅಮೆರಿಕದಲ್ಲಿ ಅಕ್ಟೋಬರ್ 26ರಂದು. ಅಮೆರಿಕದಲ್ಲಿ ಮೊದಲ ದಿನಕ್ಕೆ ಹತ್ತು ಲಕ್ಷ ಕಳುಹಿಸುವೆವೆಂದವರು ಬಿಡಿಭಾಗಗಳ ಅಭಾವದಿಂದ ಐದು ಲಕ್ಷಕ್ಕೆ ಇಳಿಸಿದರು. ಸೆಗಾದ ಬೆಲೆ ಅಷ್ಟರೊಳಗೆ 149 ಡಾಲರಿಗೆ ಇಳಿದಿತ್ತು, ಸೋನಿಯದು 299. ಅಂಗಡಿಯಲ್ಲಿ ಸೋನಿಯ ಪೆಟ್ಟಿಗೆ ಸಿಕ್ಕುತ್ತಿಲ್ಲ, ಅರ್ಧ ಬೆಲೆಗೆ ಸೆಗಾದ ಪೆಟ್ಟಿಗೆ ರಾಶಿಬಿದ್ದಿದೆ. ಸಿಕ್ಕದ್ದನ್ನು ಬಿಟ್ಟು ಸಿಕ್ಕಿದ್ದನ್ನು ಕೊಳ್ಳುತ್ತಾರೆಂದು ಯಾರಾದರೂ ಊಹಿಸಬಹುದಿತ್ತು. ಕೊಳ್ಳಲಿಲ್ಲ, ಕಾದರು. ಐದು ವರ್ಷದ ಹಿಂದೆ ಎರಡು ಸಲ ಮೋಸಹೋದೆವೆಂದು ಎಣಿಸಿದವರು ಮೂರನೆಯ ಸಲ ಕಾದುನೋಡುವುದು ಅಸಹಜವೇನಲ್ಲ. 1995ರ ಆ ಗುರುವಾರದ ಸಾಲವನ್ನು 2000ದಲ್ಲಿ ಬಡ್ಡಿಸಹಿತ ತೀರಿಸಬೇಕಾಯಿತೆಂದು ನನ್ನ ಅಭಿಪ್ರಾಯ. ಲೆಕ್ಕಪತ್ರದವರು ಬೇರೆ ಕಾರಣ ಹೇಳಿಯಾರು. ಸೆಗಾದ ಸಾಲಭಾರವೂ ಸಣ್ಣದಾಗಿರಲಿಲ್ಲ.

2001ನೆಯ ಇಸವಿ ಜನವರಿ 31ರಂದು ಸೆಗಾ ತಾನು ಇನ್ನು ಆಟದ ಪೆಟ್ಟಿಗೆಗಳನ್ನು ತಯಾರಿಸುವುದಿಲ್ಲವೆಂದೂ, ಇತರರ ಪೆಟ್ಟಿಗೆಗಳಿಗೆ ಆಟಗಳನ್ನು ಬರೆದುಕೊಡುವೆನೆಂದೂ ಪ್ರಕಟಿಸಿತು. ಆಗ ಅಧ್ಯಕ್ಷರಾಗಿದ್ದ ಇಸಾವೊ ಒಕಾವಾ ಅವರು ಕಾಯಿಲೆಯಲ್ಲಿದ್ದ ಮುದುಕರು. ಕಂಪೆನಿಗೆ ತಾವು ಕೊಟ್ಟಿದ್ದ ಸಾಲವನ್ನು ಬಿಟ್ಟುಕೊಟ್ಟು, ತಮ್ಮ ಷೇರುಗಳನ್ನೂ ಅದಕ್ಕೇ ಒಪ್ಪಿಸಿದರು. ಸುಮಾರು ಎಪ್ಪತ್ತು ಕೋಟಿ ಡಾಲರಿನ ಸ್ವತ್ತು. ಆ ಮಾರ್ಚಿಯಲ್ಲಿಯೇ ತೀರಿಕೊಂಡರು. ಆ ವರ್ಷ ಮುಗಿಯುವುದರೊಳಗೆ ಸೆಗಾದ ನೀಲಿ ಮುಳ್ಳುಹಂದಿ ಹಳೆಯ ವೈರಿಯಾದ ನಿಂಟೆಂಡೊವಿನ ಪೆಟ್ಟಿಗೆಯಲ್ಲಿ ಓಡತೊಡಗಿತ್ತು.

ಹಾಗಾದರೆ ಮುಂಚೆ ಹೋಗಲೇಬಾರದೆ? ಹಾಗೆನ್ನಲೂ ಬರುವುದಿಲ್ಲ. 2005ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಕಂಪೆನಿ ಎಕ್ಸ್‌ಬಾಕ್ಸ್ 360 ಎಂಬ ಪೆಟ್ಟಿಗೆಯನ್ನು ಸೋನಿಗಿಂತ ಒಂದು ವರ್ಷ ಮುಂಚೆ ತಂದು ಅಮೆರಿಕದಲ್ಲಿ ಬಲವಾಗಿ ನೆಲೆಯೂರಿತು. ಸೋನಿಯ ಮೂರನೆಯ ಪೆಟ್ಟಿಗೆ ತಡವಾಗಿ ಬಂತು. ಬೆಲೆಯೂ 499 ಮತ್ತು 599 ಡಾಲರ್, ಎದೆ ಝಲ್ಲೆನ್ನುವಂಥದು. ಆದರೆ ಮೈಕ್ರೋಸಾಫ್ಟ್ ಆ ಒಂದು ವರ್ಷಕ್ಕೆ ತೆತ್ತ ಬೆಲೆ ಏನು ಗೊತ್ತೆ? ಪೆಟ್ಟಿಗೆಗಳು ಕಾದು ಕೆಟ್ಟು, ಗುಂಡಿಯ ಸುತ್ತ ಮೂರು ಕೆಂಪು ದೀಪ ಹತ್ತಿಸಿಕೊಂಡು, ಲಕ್ಷಾಂತರವಾಗಿ ರಿಪೇರಿಗೆ ಹಿಂದಿರುಗಿದುವು. 2007ರ ಜುಲೈನಲ್ಲಿ ಮೂರು ವರ್ಷದ ಖಾತರಿ ಕೊಟ್ಟು, ಅದಕ್ಕಾಗಿ ನೂರು ಕೋಟಿ ಡಾಲರಿಗೂ ಮೀರಿದ ಮೊತ್ತವನ್ನು ತೆಗೆದಿಡಬೇಕಾಯಿತು. ಹಣವಂತರಾದ್ದರಿಂದ ಉಳಿದುಕೊಂಡರು, ಸೆಗಾದವರಾಗಿದ್ದರೆ ಅಂದಿಗೇ ಮುಗಿಯುತ್ತಿತ್ತು. ಈ ಇಬ್ಬರ ಜಗಳದ ನಡುವೆ, 2006ರ ನವೆಂಬರಿನಲ್ಲಿ, ಸೋನಿಗಿಂತ ಎರಡು ದಿನ ಹಿಂದೆ, 250 ಡಾಲರಿಗೆ ಅಷ್ಟೇನೂ ಬಲವಿಲ್ಲದ ವೀ ಎಂಬ ಪೆಟ್ಟಿಗೆಯನ್ನು ನಿಂಟೆಂಡೊ ತಂದು, ಇಬ್ಬರಿಗಿಂತಲೂ ಹೆಚ್ಚು ಮಾರಿಕೊಂಡಿತು.

ಅದೇ ನಿಂಟೆಂಡೊ 2012ರ ನವೆಂಬರಿನಲ್ಲಿ ವೀ-ಯು ಎಂಬುದನ್ನು ಎಲ್ಲರಿಗಿಂತ ಒಂದು ವರ್ಷ ಮುಂಚೆ, ಹಬ್ಬದ ಸುಗ್ಗಿಗೆ ಸರಿಯಾಗಿ ತಂದು ಮುಗ್ಗರಿಸಿತು. ಆಮೇಲೆ ಅವರು ಮಾಡಿದ್ದು ನೋಡಿ. ಸ್ವಿಚ್ ಎಂಬ ಮುಂದಿನ ಪೆಟ್ಟಿಗೆಯನ್ನು 2016ರ ಕ್ರಿಸ್‌ಮಸ್‌ಗೆ ಬಿಡಬೇಕೆಂದು ಲೋಕವೆಲ್ಲ ಎದುರುನೋಡುತ್ತಿತ್ತು. ಈ ವ್ಯಾಪಾರದಲ್ಲಿ ಕ್ರಿಸ್‌ಮಸ್ ತಪ್ಪಿಸಿಕೊಳ್ಳುವುದೆಂದರೆ ನಮ್ಮ ಪಟಾಕಿ ಅಂಗಡಿಯವನು ದೀಪಾವಳಿ ತಪ್ಪಿಸಿಕೊಂಡಂತೆ. ಅಧ್ಯಕ್ಷರಾಗಿದ್ದ ತತ್ಸುಮಿ ಕಿಮಿಶಿಮಾ ಅವರು, ಆಟಗಳ ಸಾಲು ಸಿದ್ಧವಾಗದೆ ಬಿಡುವುದಿಲ್ಲವೆಂದು ಹಬ್ಬವನ್ನು ದಾಟಿಸಿಬಿಟ್ಟರು. ಸ್ವಿಚ್ ಬಂದದ್ದು 2017ರ ಮಾರ್ಚಿ 3ರಂದು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಬರಿಯ ಒಂದು ಶುಕ್ರವಾರ. ಜೊತೆಯಲ್ಲಿ, ಅದೇ ದಿನ, ಜೆಲ್ಡಾ ಎಂಬ ಹೆಸರಿನ ದೊಡ್ಡದೊಂದು ಆಟ ಬಂತು. ಅನ್ನ ಬೆಂದಿತ್ತು, ಎಲೆ ಹಾಕಿದರು. ಅಂದಿನಿಂದ ಆ ಪೆಟ್ಟಿಗೆ ಹದಿನೈದು ಕೋಟಿಯನ್ನು ಮೀರಿ ಮಾರಾಟವಾಗಿದೆ. ಅದರ ತಮ್ಮ, ಎರಡನೆಯ ಸ್ವಿಚ್, 2025ರ ಜೂನ್ 5ರಂದು ಬಂತು. ಅದಕ್ಕೂ ಹಬ್ಬದ ಆಸರೆಯಿರಲಿಲ್ಲ. ನಾಲ್ಕು ದಿನದಲ್ಲಿ ಮೂವತ್ತೈದು ಲಕ್ಷ ಪೆಟ್ಟಿಗೆಗಳು ಅಂಗಡಿಯಿಂದ ಮನೆಗೆ ಹೋದುವು. ಅಂದು ಗುರುವಾರ. ಮೂವತ್ತು ವರ್ಷದ ಹಿಂದೆ ಶನಿ ಅವಸರಪಟ್ಟು ಬಂದದ್ದೂ ಗುರುವಾರವೇ.